ತಂಗಡಿ ಹೂ: ಗುರುತು ಹಿಡಿಯುವುದು, ಒಣಗಿಸುವುದು, ಬೆಳೆಸುವುದು ಹೇಗೆ?

ಚಿಕ್ಕಪೇಟೆ ಕಡೆಯ ಗ್ರಂಧಿಗೆ ಅಂಗಡಿಯಲ್ಲಿ ‘ಆವಾರಂ ಪೂ’ ಅಂತ ಕೇಳಿದರೆ ಒಣಗಿದ ಹಳದಿ ಹೂವಿನ ಪೊಟ್ಟಣ ಕೊಡುತ್ತಾರೆ. ದುಡ್ಡು ಕೊಟ್ಟು ತರುವ ಆ ಹೂವಿನ ಗಿಡ ಕೋಲಾರ, ಚಿಕ್ಕಬಳ್ಳಾಪುರದ ದಾರಿಯಲ್ಲಿ ಬೀಳು ಜಮೀನು ಕಂಡಲ್ಲೆಲ್ಲ ತಾನಾಗೇ ಬೆಳೆದು ನಿಂತಿರುತ್ತದೆ. ನಮ್ಮ ಕಡೆ ಅದು ತಂಗಡಿ. ಆವರಿಕೆ ಅಂದರೂ ಇದೇ. ತೆಲುಗಿನವರಿಗೆ ತಂಗೇಡು. ತೆಲಂಗಾಣದ ರಾಜ್ಯ ಹೂವೂ ಇದೇ, ಬತುಕಮ್ಮ ಹಬ್ಬಕ್ಕೆ ಇದು ಬೇಕೇ ಬೇಕು. ಸಸ್ಯಶಾಸ್ತ್ರದಲ್ಲಿ ಸೆನ್ನಾ ಆರಿಕ್ಯುಲೇಟಾ. ದನ ಇದನ್ನು ಅಷ್ಟಾಗಿ ಮೇಯುವುದಿಲ್ಲ, ಅದಕ್ಕೇ ಬೀಳಿನಲ್ಲಿ ಉಳಿದುಕೊಂಡಿದೆ.

ಮೊದಲು ಗುರುತು ಹಿಡಿಯಿರಿ

ಹಳದಿ ಹೂ ಬಿಡುವುದೆಲ್ಲ ತಂಗಡಿಯಲ್ಲ. ಬೆಂಗಳೂರಿನ ಕಾಂಪೌಂಡ್‌ಗಳ ಮೇಲೆ ಇಣುಕುವ ಹಳದಿ ಗಂಟೆಯಂಥ ಹೂ ಟೆಕೋಮಾ. ಅದು ಅಮೆರಿಕ ಖಂಡದ ಗಿಡ. ಖಾಲಿ ಸೈಟಿನಲ್ಲಿ ಮಳೆಗಾಲಕ್ಕೆ ಏಳುವ ದೊಡ್ಡ ತಗಚೆಯ ಹೂವೂ ಹಳದಿಯೇ. ಇದರ ವಿಷಯದಲ್ಲಿ ಹುಷಾರು. ಅದರ ಬೀಜ ತಿಂದು ಮಕ್ಕಳು ಸತ್ತ ಪ್ರಕರಣಗಳು ಉತ್ತರ ಪ್ರದೇಶದಲ್ಲಿ ದಾಖಲಾಗಿವೆ.

ಹಾಗಾಗಿ ಹೂ ನೋಡುವ ಮೊದಲು ಎಲೆಯ ಬುಡ ನೋಡಿ. ತಂಗಡಿಯಲ್ಲಿ ಎಲೆಕಡ್ಡಿ ಕೊಂಬೆಗೆ ಸೇರುವ ಕಡೆ, ಎರಡೂ ಪಕ್ಕಕ್ಕೆ ಕಿವಿಯಂಥ ಅಗಲವಾದ ಹಸಿರು ತುಣುಕು ಇರುತ್ತದೆ. ಉಳಿದ ಎಲೆ ಉದುರಿದರೂ ಕಿವಿ ಬೇಗ ಉದುರುವುದಿಲ್ಲ. ಒಂದು ಕಡ್ಡಿಯಲ್ಲಿ ಸುಮಾರು 8ರಿಂದ 12 ಜೊತೆ ಚಿಕ್ಕ ಎಲೆ. ಕಾಯಿ ಚಪ್ಪಟೆ, ಒಣಗಿದಾಗ ಕಾಗದದಷ್ಟು ತೆಳ್ಳಗೆ. ದೊಡ್ಡ ತಗಚೆಗೆ ಈ ಕಿವಿ ಇಲ್ಲ, ಎಲೆ ಉಜ್ಜಿದರೆ ಕೆಟ್ಟ ವಾಸನೆ. ಕಿವಿ ಕಾಣದಿದ್ದರೆ ಕೀಳಬೇಡಿ, ಅಷ್ಟೇ.

ಬೆಳಿಗ್ಗೆ ಹೊತ್ತು ಗಿಡದ ಹತ್ತಿರ ಎರಡು ನಿಮಿಷ ಸುಮ್ನೆ ನಿಂತರೆ ಒಂದು ಮಜಾ ನೋಡಬಹುದು. ಈ ಹೂವಿನಲ್ಲಿ ಮಕರಂದ ಇಲ್ಲ. ಪರಾಗವೂ ಹೊರಗೆ ಉದುರಿಕೊಂಡಿರುವುದಿಲ್ಲ, ಕೇಸರದ ತುದಿಯ ಸಣ್ಣ ತೂತಿನಿಂದ ಬರಬೇಕು. ಕಪ್ಪು ದುಂಬಿ ಬಂದು ಕೇಸರ ತಬ್ಬಿ ಮೈ ನಡುಗಿಸುತ್ತದೆ. ಝುಂಯ್ ಅಂತ ಸದ್ದು, ಪರಾಗ ಚಿಮ್ಮಿ ದುಂಬಿಯ ಹೊಟ್ಟೆಯೆಲ್ಲ ಹಳದಿ.

ಕೀಳುವುದು, ಒಣಗಿಸುವುದು

ಹೆದ್ದಾರಿ ಪಕ್ಕದ ಗಿಡ ಬೇಡ, ಬರೀ ಧೂಳು, ಹೊಗೆ. ಔಷಧಿ ಹೊಡೆಯುವ ತೋಟದ ಬದುವೂ ಬೇಡ. ಕಾಯ್ದಿಟ್ಟ ಕಾಡಿನಲ್ಲಂತೂ ಕೀಳುವ ಹಾಗೇ ಇಲ್ಲ. ಊರಿನಲ್ಲಿ ನೆಂಟರ ಹೊಲ ಇದ್ದರೆ ಅದೇ ಒಳ್ಳೆಯದು. ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುಂಚೆ ಕೀಳಿ. ಕೊಂಬೆ ಮುರಿಯದೆ ಅರಳಿದ ಹೂ, ದೊಡ್ಡ ಮೊಗ್ಗು ಮಾತ್ರ ಬಿಡಿಸಿ, ಅರ್ಧದಷ್ಟನ್ನು ದುಂಬಿಗೆ ಬಿಡಿ.

ಒದರಿದರೆ ಇರುವೆ, ಸಣ್ಣ ಹುಳ ಬೀಳುತ್ತವೆ. ಆಮೇಲೆ ಬಿಳಿ ಪಂಚೆಯ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ನೆರಳಲ್ಲಿ ಹರಡಿ. ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಮಳೆಗಾಲದ ಬೆಂಗಳೂರಿನಲ್ಲಿ ನೆರಳೊಂದೇ ಸಾಲದು, ಫ್ಯಾನ್ ಹಾಕಿ, ಇಲ್ಲದಿದ್ದರೆ ಬೂಸು ಬರುತ್ತದೆ. ದಳ ಬೇಗ ಒಣಗಿ ನಮ್ಮನ್ನು ಮೋಸ ಮಾಡುತ್ತದೆ. ನೋಡಬೇಕಾದ್ದು ಹೂವಿನ ಬುಡವನ್ನು. ಬೆರಳಲ್ಲಿ ಒತ್ತಿದಾಗ ಬಾಗಿದರೆ ಇನ್ನೂ ಹಸಿ, ಪಟ್ ಅಂತ ಮುರಿದರೆ ಡಬ್ಬಕ್ಕೆ ತುಂಬಬಹುದು.

ಕಷಾಯ, ಸ್ನಾನದ ಪುಡಿ

ಒಂದು ಲೋಟ ನೀರು ಕುದಿಸಿ, ಒಂದು ಚಮಚ ಒಣ ಹೂ ಹಾಕಿ, ಉರಿ ಆರಿಸಿ ಐದು ನಿಮಿಷ ಮುಚ್ಚಿಡಿ. ಸೋಸಿ, ಬೇಕಿದ್ದರೆ ಚೂರು ಬೆಲ್ಲ. ಜಾಸ್ತಿ ಕುದಿಸಿದರೆ ಒಗರು. ಶ್ರೀಲಂಕಾದಲ್ಲಿ ಇದನ್ನೇ ‘ರಣವರ’ ಅಂತ ಟೀ ಥರ ಕುಡಿಯುತ್ತಾರೆ.

ಸಕ್ಕರೆ ಕಾಯಿಲೆಗೆ ರಾಮಬಾಣ ಅಂತ ವಾಟ್ಸಾಪ್‌ನಲ್ಲಿ ಬರುತ್ತದಲ್ವಾ, ಅದನ್ನು ನಂಬಿ ಮಾತ್ರೆ ಬಿಡಬೇಡಿ. ಸಕ್ಕರೆ ಇಳಿಸುವ ಗುಣ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ ನಿಜ. ಅದಕ್ಕೇ ಮಾತ್ರೆ ತೆಗೆದುಕೊಳ್ಳುವವರು ಇದನ್ನೂ ಕುಡಿದರೆ ಸಕ್ಕರೆ ಹೆಚ್ಚೇ ಇಳಿದೀತು ಎಂಬ ಭಯ. ಮೂರ್ಛೆರೋಗದ ಮಾತ್ರೆ ನುಂಗುವವರು, ಬಸುರಿಯರು ಡಾಕ್ಟರನ್ನು ಕೇಳದೆ ಕುಡಿಯಬಾರದು.

ನನ್ನ ಮಟ್ಟಿಗೆ ಇದರ ಒಳ್ಳೆ ಉಪಯೋಗ ಸ್ನಾನದ ಪುಡಿ. ಎರಡು ಪಾಲು ಒಣ ಹೂ, ಎರಡು ಪಾಲು ಹೆಸರುಕಾಳು, ಒಂದು ಚಿಟಿಕೆ ಕಸ್ತೂರಿ ಅರಿಶಿನ. ಮಿಕ್ಸಿಗೆ ಹಾಕಿ ಜರಡಿ ಹಿಡಿಯಿರಿ. ಮೊದಲ ಸಲ ಮೊಣಕೈ ಹತ್ತಿರ ಹಚ್ಚಿ ನೋಡಿ, ತುರಿಕೆ ಬಂದರೆ ಬಿಟ್ಟುಬಿಡಿ.

ತೊಗಟೆಯ ಕಥೆ ಬೇರೆ. ಅದರಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಜಾಸ್ತಿ. ವಾಟಲ್ ಎಂಬ ಹೊರದೇಶದ ಮರದ ತೊಗಟೆ ಬರುವವರೆಗೂ ದಕ್ಷಿಣದಲ್ಲಿ ಚರ್ಮ ಹದ ಮಾಡಲು ತಂಗಡಿಯೇ ಮುಖ್ಯವಾಗಿತ್ತು. ಹಳ್ಳಿಗಳಲ್ಲಿ ಕಡ್ಡಿಯಿಂದ ಹಲ್ಲುಜ್ಜುವುದೂ ಇತ್ತು.

ಮನೆಯಲ್ಲಿ ಬೆಳೆಸಲು

ನರ್ಸರಿಯಲ್ಲಿ ಸಿಗುವುದು ಕಡಿಮೆ, ಬೀಜದಿಂದಲೇ ಶುರು ಮಾಡಿ. ಸಿಪ್ಪೆ ಗಟ್ಟಿ. ಬಿಸಿ ನೀರು ಹಾಕಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಉಬ್ಬಿದ ಬೀಜವನ್ನಷ್ಟೇ ಬಿತ್ತಿ, ಉಬ್ಬದ್ದನ್ನು ಮರಳು ಕಾಗದದಲ್ಲಿ ಸ್ವಲ್ಪ ಉಜ್ಜಿ ಮತ್ತೆ ನೆನೆಸಿ. ಮೊದಲ ಮಳೆ ಬಿದ್ದ ಮೇಲೆ ಹಾಕಿದರೆ ಸರಿ. ಸಸಿ ಗೇಣುದ್ದ ಆಗುವ ಮುಂಚೆಯೇ ನೆಲಕ್ಕೆ ನೆಡಿ, ತಾಯಿಬೇರು ಆಳಕ್ಕೆ ಇಳಿದರೆ ಕೀಳುವುದು ಕಷ್ಟ. ತಾರಸಿಯಾದರೆ ಒಂದೂವರೆ ಅಡಿ ಆಳದ ಗ್ರೋ ಬ್ಯಾಗ್, ಕೆಂಪು ಮಣ್ಣಿಗೆ ಮೂರನೇ ಒಂದು ಪಾಲು ಮರಳು. ದಿನಪೂರ್ತಿ ಬಿಸಿಲು ಬೇಕು. ಬೇರೂರಿದ ಮೇಲೆ ನೀರು ಕಡಿಮೆ ಮಾಡಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ.

ಕಾಯಿ ಒಣಗಿದ ಮೇಲೆ ಒಂದು ಸಲ ಸವರಿದರೆ ಪೊದೆ ದಟ್ಟವಾಗುತ್ತದೆ. ಎಲೆ ಮೇಲೆ ಹಸಿರು ಕಂಬಳಿಹುಳ ಕಂಡರೆ ಔಷಧಿ ಹೊಡೆಯಲು ಓಡಬೇಡಿ. ಅವು ತಿಳಿ ಹಸಿರು-ಬಿಳಿ ಬಣ್ಣದ ವಲಸೆ ಚಿಟ್ಟೆಯ ಮರಿಗಳು. ಒಂದಷ್ಟು ಎಲೆ ತಿಂದು ಹೋಗುತ್ತವೆ, ಗಿಡ ಮತ್ತೆ ಚಿಗುರುತ್ತದೆ.