ಬ್ರೇಕಪ್ ಆಗಿದೆಯಾ? ದಿನಕ್ಕೆ ನಾಲ್ಕು ಚೌಕ ಎಳೆಯಿರಿ

ರಾತ್ರಿಯೆಲ್ಲ ಹಳೇ ಚಾಟ್ ಓದ್ತಾ ಕೂತಿರುವವರಿಗೆ ಒಂದು ಸಲಹೆ. ಗೆರೆ ಇಲ್ಲದ ನೋಟ್‌ಬುಕ್, ಒಂದು ಕಪ್ಪು ಜೆಲ್ ಪೆನ್ ತಗೊಳ್ಳಿ. ಮಲಗುವ ಮುಂಚೆ ನಾಲ್ಕು ಚೌಕ ಎಳೆದು, ಅವತ್ತು ನಿಮಗಾದ ಒಂದೇ ಒಂದು ಸಣ್ಣ ಸಂಗತಿಯನ್ನು ಕಾಮಿಕ್ಸ್ ಮಾಡಿ. ಪೆನ್ಸಿಲ್ ಬೇಡ, ಅಳಿಸ್ತಾ ಕೂತರೆ ಮುಗಿಯೋದೇ ಇಲ್ಲ.

ಚಿತ್ರ ಬರಲ್ಲ ಅಂತೀರಾ? ನನಗೂ ಬರಲ್ಲ. ನನ್ನ ತಲೆ ಒಂದು ಆಲೂಗಡ್ಡೆ, ಎರಡು ಚುಕ್ಕಿ ಕಣ್ಣು, ಅಷ್ಟೇ. ಅಮೆರಿಕದ ಕಾಮಿಕ್ಸ್ ಕಲಾವಿದ ಜೇಮ್ಸ್ ಕೊಚಾಲ್ಕಾ ತನ್ನನ್ನು ಚೂಪು ಕಿವಿಯ ಉಬ್ಬುಹಲ್ಲಿನ ಕುಳ್ಳನ ಹಾಗೆ ಬಿಡಿಸಿಕೊಂಡು, 1998ರಿಂದ 2012ರವರೆಗೆ ಹೆಚ್ಚುಕಡಿಮೆ ದಿನಾ ಇದೇ ಕೆಲಸ ಮಾಡಿದರು.

ಇಡೀ ದುಃಖವನ್ನು ಒಂದೇ ಪುಟದಲ್ಲಿ ತುಂಬಲು ಹೋಗಬೇಡಿ. ನನ್ನ ಮೊದಲ ವಾರದ್ದು ಹೀಗಿತ್ತು: ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಮಾಡಿದೆ, ಚೆಲ್ಲಲು ಮನಸ್ಸಾಗಲಿಲ್ಲ, ಎರಡನ್ನೂ ನಾನೇ ಕುಡಿದೆ, ಕೊನೆಯ ಚೌಕದಲ್ಲಿ ರಾತ್ರಿ ಎರಡು ಗಂಟೆಗೆ ಕಣ್ಣು ಬಿಟ್ಟುಕೊಂಡು ಫ್ಯಾನ್ ಸುತ್ತು ಎಣಿಸ್ತಾ ಇದ್ದೆ. ಅಳ್ತಾ ಶುರು ಮಾಡಿದ್ದು, ಆ ಫ್ಯಾನ್ ಬಿಡಿಸುವಾಗ ನಗು ಬಂತು.

ನಿಮ್ಮ ಎಕ್ಸ್ ಮುಖ ಮಾತ್ರ ಬಿಡಿಸಬೇಡಿ. ನಾನು ಮುಖದ ಬದಲು ಬರೀ ಹೆಲ್ಮೆಟ್ ಬಿಡಿಸ್ತೀನಿ. ಸ್ಟೇಟಸ್‌ಗೂ ಹಾಕಬೇಡಿ, ಆಮೇಲೆ ಅವರು ನೋಡಿದ್ರಾ ಇಲ್ವಾ ಅಂತ ಚೆಕ್ ಮಾಡೋದೇ ಇನ್ನೊಂದು ಕೆಲಸವಾಗುತ್ತೆ.

ಊಟ, ನಿದ್ದೆ ಪೂರ್ತಿ ಕೆಟ್ಟಿದ್ದರೆ ಸುಮ್ನೆ ಪೆನ್ ಹಿಡಿದು ಕೂರಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.