ಮೂರು ಪೆನ್ಸಿಲ್ ಹಿಡಿದು ಹೆರೊಡೋಟಸ್ ಓದಿದ್ದು

ಗ್ರೀಕರಿಗೆ ಪೂರ್ವದವರೆಂದರೆ ತಾತ್ಸಾರ ಅಂತಲೇ ನಾನು ನಂಬಿಕೊಂಡಿದ್ದೆ. ‘ಬಾರ್ಬರೋಸ್’ ಎಂಬ ಪದವೇ ಇದೆಯಲ್ಲ, ಇನ್ನೇನು ಸಾಕ್ಷಿ ಬೇಕು? ಅರ್ಥವಾಗದ ಮಾತು ಅವರ ಕಿವಿಗೆ ‘ಬರ್ ಬರ್’ ಅಂತ ಕೇಳಿಸುತ್ತಿತ್ತು, ಆ ಸದ್ದೇ ಗ್ರೀಕ್ ಬಾರದವರಿಗೆ ಹೆಸರಾಯಿತು. ಆದರೂ ಒಮ್ಮೆ ಅವರ ಬರಹಗಳನ್ನೇ ಇಂಗ್ಲಿಷ್ ಅನುವಾದದಲ್ಲಿ ಓದೋಣ ಅಂತ ಕೂತೆ.

ಮೊದಲ ಸಲ ಸುಮ್ನೆ ಓದಿಕೊಂಡು ಹೋದೆ, ಏನೂ ದಕ್ಕಲಿಲ್ಲ. ಎರಡನೇ ಸಲ ಮೂರು ಬಣ್ಣದ ಪೆನ್ಸಿಲ್ ಇಟ್ಟುಕೊಂಡೆ. ಬರೆದವನು ಕಣ್ಣಾರೆ ಕಂಡದ್ದಕ್ಕೆ ಹಸಿರು, ಯಾರಿಂದಲೋ ಕೇಳಿದ್ದಕ್ಕೆ ನೀಲಿ, ತನ್ನ ಜನರಿಗೇ ಏನೋ ಹೇಳಬೇಕು ಅಂತ ಬರೆದದ್ದಕ್ಕೆ ಕೆಂಪು.

ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಭಾರತದ ಬಗ್ಗೆ ಬರೆದದ್ದೆಲ್ಲ ನೀಲಿಯಾಯಿತು. ಅವನು ಇಲ್ಲಿಗೆ ಬಂದವನಲ್ಲ. ನರಿಗಿಂತ ದೊಡ್ಡ, ನಾಯಿಗಿಂತ ಚಿಕ್ಕ ಇರುವೆಗಳು ಚಿನ್ನದ ಮರಳು ತೋಡುತ್ತವೆ ಎನ್ನುತ್ತಾನೆ. ನಗು ಬಂತು. ಸ್ವಲ್ಪ ಮುಂದೆ, ಭಾರತದಲ್ಲಿ ಗಿಡಗಳು ಉಣ್ಣೆ ಬಿಡುತ್ತವೆ, ಅದು ಕುರಿಯ ಉಣ್ಣೆಗಿಂತ ಚೆನ್ನಾಗಿರುತ್ತದೆ, ಜನ ಅದರಿಂದಲೇ ಬಟ್ಟೆ ಮಾಡಿಕೊಳ್ಳುತ್ತಾರೆ ಎಂದೂ ಬರೆದಿದ್ದಾನೆ. ಹತ್ತಿ ಅಲ್ವಾ ಅದು! ಕೇಳಿದ ಮಾತೆಲ್ಲ ಸುಳ್ಳು ಅಂತ ತಳ್ಳಿಹಾಕುವ ಅಭ್ಯಾಸ ನನಗೆ ಅಲ್ಲಿಗೆ ಬಿಟ್ಟುಹೋಯಿತು.

ದಾರಿಯವುಷನ ಕಥೆಯ ಸುತ್ತ ಮಾತ್ರ ಕೆಂಪು ಗೆರೆ ಎಳೆದೆ. ಆ ಪರ್ಷಿಯನ್ ದೊರೆ ಗ್ರೀಕರನ್ನು ಕರೆದು, ಎಷ್ಟು ಹಣ ಕೊಟ್ಟರೆ ಸತ್ತ ಅಪ್ಪನನ್ನು ತಿನ್ನುತ್ತೀರಿ ಎಂದು ಕೇಳುತ್ತಾನೆ. ಅವರು ಹೌಹಾರುತ್ತಾರೆ. ಆಮೇಲೆ, ಹಾಗೆ ತಿನ್ನುವ ಪದ್ಧತಿ ಇರುವ ಭಾರತದ ಒಂದು ಕುಲದವರನ್ನು ಕರೆದು, ಎಷ್ಟು ಕೊಟ್ಟರೆ ಸುಡುತ್ತೀರಿ ಎನ್ನುತ್ತಾನೆ. ಅಂಥ ಮಾತು ಆಡಲೇಬೇಡಿ ಎಂದು ಅವರು ಕೂಗಿಕೊಳ್ಳುತ್ತಾರೆ. ಅವರವರ ಪದ್ಧತಿ ಅವರವರಿಗೆ ದೊಡ್ಡದು ಎಂದು ಹೆರೊಡೋಟಸ್ ತನ್ನ ಗ್ರೀಕರಿಗೇ ತೋರಿಸುತ್ತಿದ್ದಾನೆ.

ನನ್ನ ಬಣ್ಣದ ಲೆಕ್ಕ ತಪ್ಪಿದ್ದು ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ‘ಪರ್ಷಿಯನ್ನರು’ ನಾಟಕದಲ್ಲಿ. ಮ್ಯಾರಥಾನ್ ಯುದ್ಧದಲ್ಲಿ ಪರ್ಷಿಯನ್ನರ ವಿರುದ್ಧ ಕತ್ತಿ ಹಿಡಿದವನು ಅವನು. ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದ ಸಲಾಮಿಸ್ ಯುದ್ಧ ಮುಗಿದು ಎಂಟೇ ವರ್ಷಕ್ಕೆ, ಕ್ರಿ.ಪೂ. 472ರಲ್ಲಿ, ಸೋತವರ ಅರಮನೆಯ ಮುಂದೆ ನಾಟಕ ನಡೆಸುತ್ತಾನೆ. ಗ್ರೀಕ್ ಪಾತ್ರ ಒಂದೂ ಇಲ್ಲ, ಮಗನಿಗಾಗಿ ಕಾಯುವ ರಾಣಿಯ ಸಂಕಟವೇ ಜಾಸ್ತಿ. ಗೆದ್ದ ಹೆಮ್ಮೆಯೂ ಇದೆ, ಮರುಕವೂ ಇದೆ. ಮೂರೂ ಪೆನ್ಸಿಲ್ ಕೆಳಗಿಟ್ಟೆ.

ರೋಮನ್ನರಲ್ಲಿ ಪ್ಲಿನಿಯನ್ನು ಓದಿದೆ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಭಾರತಕ್ಕೆ ಹೋಗುತ್ತಿದೆ ಎಂಬ ಅವನ ಗೋಳು ಎಲ್ಲರೂ ಹೇಳುವಂಥದ್ದೇ. ಸಿಟ್ಟೆಲ್ಲ ತನ್ನವರ ಶೋಕಿಯ ಮೇಲೆ, ಹಾಗಾಗಿ ಕೆಂಪು.

ಕೊನೆಗೆ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನ. ಕರಿಶನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯಲ್ಲಿ ಸೆರೆಯಾಗಿದ್ದಾಳೆ. ಅವಳ ಕಡೆಯವರು ರಾಜನಿಗೂ ಅವನ ಜನರಿಗೂ ಕುಡಿಸಿ ಅವಳನ್ನು ಬಿಡಿಸುತ್ತಾರೆ. ಅಲ್ಲಿ ರಾಜ ಆಡುವ ಮಾತು ಕನ್ನಡ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಜ್ 1904ರಲ್ಲಿ ವಾದಿಸಿದರು, ಗೋವಿಂದ ಪೈಯವರೂ ಇದರ ಬಗ್ಗೆ ಬರೆದರು. ಒಪ್ಪದ ವಿದ್ವಾಂಸರೂ ಇದ್ದಾರೆ, ವಾದ ಇನ್ನೂ ತೀರಿಲ್ಲ. ನೋಡುವವರನ್ನು ನಗಿಸಲು ಇಟ್ಟ ‘ಬರ್ ಬರ್’ ಸಾಲುಗಳವು. ನಾನು ಅವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ನಿಧಾನವಾಗಿ, ಜೋರಾಗಿ, ನಾಲ್ಕೈದು ಸಲ ಓದಿದೆ.