ನುಡಿಸುವ ಮೊದಲು ಪೆನ್ಸಿಲ್ ಹಿಡಿಯಿರಿ

ರಾಯಚೂರಿನಲ್ಲಿ ಕೀಬೋರ್ಡ್ ಕಲಿಯುವ ಮಕ್ಕಳು ಪರೀಕ್ಷೆ ಬಂತೆಂದರೆ ಸ್ವರ ತಪ್ಪದಂತೆ ನುಡಿಸುವುದರಲ್ಲೇ ಹೈರಾಣಾಗುತ್ತಾರೆ. ಸ್ವರವೇನೋ ತಪ್ಪುವುದಿಲ್ಲ, ಕೇಳಿದವರ ಮನಸ್ಸಿಗೆ ಮಾತ್ರ ಏನೂ ತಟ್ಟುವುದಿಲ್ಲ. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬುದು ಕೃತಿಯ ಕಟ್ಟಡದಲ್ಲೇ ಇರುತ್ತದೆ. 1839ರಲ್ಲಿ ಪ್ರಕಟವಾದ, ಪಿಯಾನೊ ರಚನಕಾರ ಶೋಪನ್‌ನ 24 ಪ್ರಿಲ್ಯೂಡ್‌ಗಳಲ್ಲಿ (ಪುಟ್ಟ ಪಿಯಾನೊ ಕೃತಿಗಳಲ್ಲಿ) ನಾಲ್ಕನೆಯದನ್ನು, ಇ ಸ್ವರವೇ ನೆಲೆಯಾದ ಇ ಮೈನರ್‌ನದನ್ನು ತೆಗೆದುಕೊಳ್ಳಿ. ಬರೀ 25 ಬಾರ್, ಅಂದರೆ ಸ್ವರಲಿಪಿಯಲ್ಲಿ ಗೆರೆಯಿಂದ ಗೆರೆಗಿರುವ ತಾಳದ ಮನೆಗಳು.

ಮೊದಲು ಕೀಬೋರ್ಡ್ ಆಫ್ ಮಾಡಿ. ಸ್ವರಲಿಪಿಯ ಪುಟದಲ್ಲಿ 12ನೇ ಬಾರ್‌ನ ಕೊನೆಗೊಂದು ಗೆರೆ ಎಳೆಯಿರಿ. 13ರಲ್ಲಿ ಆರಂಭದ ಕಾರ್ಡೇ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮರಳಿ ಬರುತ್ತದೆ. ಒಂದೇ ಮಾತು ಎರಡು ಸಲ. ಎರಡನೆಯ ಸಲ ಅದು ಕೈಮೀರುತ್ತದೆ.

ಆಮೇಲೆ ಎಡಗೈ. ಇಡೀ ಕೃತಿಯ ಜೀವ ಇರುವುದೇ ಇಲ್ಲಿ. ಕಾರ್ಡ್‌ಗಳು ಒಟ್ಟಿಗೆ ಬದಲಾಗುವುದಿಲ್ಲ. ಹೆಚ್ಚಾಗಿ ಒಂದೊಂದೇ ಸ್ವರ ಅರ್ಧ ಮೆಟ್ಟಿಲು ಕೆಳಗೆ ಜಾರುತ್ತದೆ. ಜಾರಿದ ಸ್ವರಕ್ಕೆಲ್ಲ ಸುತ್ತು ಹಾಕಿ. ನುಡಿಸುವಾಗ ಆ ಬೆರಳಿಗೆ ಕೂದಲೆಳೆಯಷ್ಟು ತೂಕ ಹೆಚ್ಚು, ಉಳಿದವು ಮೆತ್ತಗೆ. ಸ್ವರವನ್ನು ಉಳಿಸಿ ಹಿಡಿಯುವ ಕಾಲಿನ ಪೆಡಲ್ ಬದಲಿಸಬೇಕಾದದ್ದೂ ಸುತ್ತು ಬಿದ್ದ ಕಡೆಯೇ.

ಬಲಗೈಯಲ್ಲಿ ಹೆಚ್ಚು ಕೆಲಸವಿಲ್ಲ. ಮೊದಲ ಬಾರ್‌ಗಳಲ್ಲಿ ಬಿ, ಸಿ, ಮತ್ತೆ ಬಿ ಸ್ವರಗಳು. ಸಿ ಒಂದು ನಿಟ್ಟುಸಿರು. ಅದನ್ನು ಒತ್ತಿ, ಬಿ ಸ್ವರಕ್ಕೆ ಮರಳುವಾಗ ಸಡಿಲಿಸಿ. ವೇಗ ಲಾರ್ಗೊ (ತೀರಾ ನಿಧಾನ) ಎಂದಿದ್ದರೂ ಪ್ರತಿ ಬಾರ್‌ಗೆ ಎರಡೇ ಎಣಿಕೆ ಇಟ್ಟುಕೊಳ್ಳಿ. ನಾಲ್ಕು ಎಣಿಸುತ್ತಾ ಕೂತರೆ ರಾಗ ತೆವಳುತ್ತದೆ.

ಈಗ ಕೃತಿಯ ನೆಲೆಯಾದ ಮನೆಸ್ವರ ಇ ಎಲ್ಲಿದೆ ಹುಡುಕಿ. ಮೊದಲ ಕಾರ್ಡ್ ಇ ಮೈನರೇ, ಆದರೆ ಕೆಳಗೆ ಜಿ ಇದೆ. ತಳದಲ್ಲಿ ಇ ಇಟ್ಟುಕೊಂಡು ಅದೇ ಕಾರ್ಡ್ ನೆಲೆಯಾಗಿ ನಿಲ್ಲುವುದು ಕಟ್ಟಕಡೆಗೆ. ಸಿದ್ಧರಾಮ ಜಂಬಲದಿನ್ನಿಯವರ ಗಾಯನ ಕೇಳಿ ಬೆಳೆದ ಊರಿನವರಿಗೆ ಇದು ಹೊಸದೇನಲ್ಲ. ಆಲಾಪದಲ್ಲಿ ಗಾಯಕ ಮೇಲಿನ ಷಡ್ಜವನ್ನು ಎಷ್ಟು ಕಾಯಿಸುತ್ತಾನೆಂದು ಬಲ್ಲೆವು. ಹಾಗಾಗಿ ನಡುವೆ ಎಲ್ಲಿಯೂ ಮುಗಿಯಿತೆಂಬಂತೆ ನುಡಿಸಬೇಡಿ.

16ನೇ ಬಾರಿನಲ್ಲಿ ಸ್ಟ್ರೆಟ್ಟೊ ಎಂದಿದೆ, ನಡೆ ಬಿಗಿಯಾಗಬೇಕು. 17ರಲ್ಲಿ ಫೋರ್ಟೆ, ಅಂದರೆ ಜೋರು. ದನಿಯನ್ನೆಲ್ಲ ಇಲ್ಲಿಗೇ ಕೂಡಿಡಿ. 23ರಲ್ಲಿ ಮೌನದ ಮೇಲೆ ಫರ್ಮಾಟಾ, ಅಂದರೆ ಹೆಚ್ಚು ಹೊತ್ತು ತಡೆದು ನಿಲ್ಲುವ ಗುರುತು ಇದೆ. ಸಭೆಗೆ ಹೆದರಿ ಅದನ್ನು ಕತ್ತರಿಸುವವರೇ ಹೆಚ್ಚು. ಉಳಿದದ್ದು ಮೂರು ಕಾರ್ಡ್, ಅತಿ ಮೆಲ್ಲಗೆ.

ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಪುಟ ಮುಂದಿಟ್ಟುಕೊಂಡು ಕೇಳಿ. 9ನೇ ಬಾರೂ 17ನೇ ಬಾರಿನಷ್ಟೇ ಜೋರಾಗಿದ್ದರೆ ಮತ್ತೆ ಎಡಗೈ ಒಂದನ್ನೇ ನುಡಿಸಿ.